ಕೆಂಪು ನೀರು ಮತ್ತು ಅತ್ತೆ ಒಗೆದ ಬಿಳಿ ಚೀಲಗಳು

ಆಯುಧಪೂಜೆ ಮುಗಿಸಿ ಕೆಲಸ ಶುರು ಮಾಡಿದ ಬೆಳಿಗ್ಗೆ ನಮ್ಮ ವರ್ಕ್‌ಶಾಪಿನ ಧೂಳು ಎಳೆಯುವ ಮೆಷಿನ್ ಕೈಕೊಟ್ಟಿತು. ಮೋಟರ್ ಓಡುತ್ತಿದೆ, ಧೂಳು ಮಾತ್ರ ಒಳಗೆ ಹೋಗುತ್ತಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು, ಜೋಗುಪಾಳ್ಯದ ಒಂದು ಫರ್ನಿಚರ್ ವರ್ಕ್‌ಶಾಪ್. ನಮ್ಮವರು ಅಲ್ಲಿ ಮರಕ್ಕೆ ಸ್ಯಾಂಡಿಂಗ್ ಮಾಡುತ್ತಿದ್ದರು, ನಾನು ಪಾಲಿಶ್. ಗುಲ್ಬರ್ಗ ಕಡೆಯಿಂದ ಬಂದು ಹಿಂದಿನ ಬೀದಿಯಲ್ಲೇ ಒಂದು ರೂಮ್ ಹಿಡಿದಿದ್ದೆವು. ಅತ್ತೆಯೂ ಜೊತೆಗಿದ್ದರು.

ನಮ್ಮವರಿಗೆ ಮರದ ಧೂಳಿನಿಂದ ಕೆಮ್ಮು ಹತ್ತಿಕೊಂಡಿತ್ತು. ಧೂಳು ಬಿಡಿ, ಇಲ್ಲ ಕೆಲಸ ಬಿಡಿ ಎಂದಿದ್ದರು ಡಾಕ್ಟರ್. ಆ ಮನುಷ್ಯನಿಗೋ ಮರ ಮುಟ್ಟದಿದ್ದರೆ ಊಟ ಸೇರುವುದಿಲ್ಲ.

ಅದಕ್ಕೇ ಓನರ್ ಅಂತೋಣಿ ಅಣ್ಣ ಶಿವಾಜಿನಗರದ ಗುಜರಿಯಿಂದ ಈ ಮೆಷಿನ್ ತಂದು ಕೂರಿಸಿದ್ದರು. ಪೈಪಿನಲ್ಲಿ ಧೂಳು ಎಳೆದು, ದಪ್ಪ ಬಟ್ಟೆಯ ಉದ್ದುದ್ದ ಚೀಲಗಳಲ್ಲಿ ಸೋಸಿ, ಗಾಳಿಯನ್ನಷ್ಟೇ ಹೊರಗೆ ಬಿಡುತ್ತಿತ್ತು.

ಅದರ ನಾಡಿ ನೋಡಲು ನಮ್ಮಲ್ಲಿ ಎರಡು ಉಪಾಯ. ಪೈಪಿನ ಬಾಯಿಗೆ ಕಟ್ಟಿದ್ದ ನನ್ನ ಹಳೆ ಸೀರೆಯ ಅಂಚು ಒಳಮುಖವಾಗಿ ಪಟಪಟ ಹಾರಿದರೆ ಎಳೆತ ಸರಿಯಾಗಿದೆ ಎಂದರ್ಥ.

ಇನ್ನೊಂದು, ಒಂದು ತುದಿ ಚೀಲಗಳ ಮುಂದೆ, ಇನ್ನೊಂದು ತುದಿ ಹಿಂದೆ ಸಿಕ್ಕಿಸಿದ್ದ ಯು ಆಕಾರದ ಪ್ಲಾಸ್ಟಿಕ್ ಟ್ಯೂಬು. ಅದರೊಳಗೆ ಕುಂಕುಮ ಕದಡಿದ ನೀರು. ಚೀಲ ಕಟ್ಟಿಕೊಂಡಷ್ಟೂ ಒಂದು ಕಡೆ ನೀರು ಇಳಿದು ಇನ್ನೊಂದು ಕಡೆ ಏರುತ್ತದೆ. ಟ್ಯೂಬಿನ ಮೇಲೆ ನೇಲ್ ಪಾಲಿಶಿನಲ್ಲಿ ಎಳೆದಿದ್ದ ಗೆರೆ ದಾಟಿದರೆ ಮೆಷಿನ್ ಆಫ್ ಮಾಡಿ ಚೀಲ ಕೊಡವಬೇಕು.

ಆ ದಿನ ಸೀರೆಯ ಅಂಚು ಜೋತುಬಿದ್ದಿದೆ. ಕೆಂಪು ನೀರು ಗೆರೆ ದಾಟಿ ನಿಂತಿದೆ. ನೀರಿನ ಪ್ರಕಾರ ಚೀಲ ಬ್ಲಾಕ್...

ಆದರೆ ಹಬ್ಬಕ್ಕೆಂದು ಅತ್ತೆ ಚೀಲಗಳನ್ನು ಮನೆಗೆ ತರಿಸಿಕೊಂಡು ಒಗೆದು ಕೊಟ್ಟಿದ್ದರು. ಮಲ್ಲಿಗೆ ಹೂವಿನಷ್ಟು ಬಿಳಿ. ಅವುಗಳ ಮೇಲೆ ಅನುಮಾನಪಡಲು ಯಾರಿಗೂ ಮನಸ್ಸಾಗಲಿಲ್ಲ.

ಟ್ಯೂಬೇ ಕೆಟ್ಟಿದೆ ಎಂದು ಬೈದುಕೊಂಡು ಪೈಪೆಲ್ಲ ಬಿಚ್ಚಿದೆವು. ಪೂಜೆಯ ಮಾವಿನೆಲೆ ಒಳಗೆ ಹೋಗಿದೆಯಾ ಎಂದು ಕೈಹಾಕಿ ತಡಕಿದೆವು. ಏನೂ ಇಲ್ಲ.

ಅಷ್ಟರಲ್ಲಿ ನಮ್ಮವರಿಗೆ ಕೆಮ್ಮು ಶುರು. ಗೋಡೆ ಹಿಡಿದು ಕೆಮ್ಮುತ್ತಲೇ "ಏನಿಲ್ಲ ಬಿಡು" ಎಂದು ನನಗೇ ಸಮಾಧಾನ ಬೇರೆ. ಈ ಮೆಷಿನ್ ಹೋದರೆ ಇವರು ಕೆಲಸ ಬಿಡಲೇಬೇಕಲ್ಲ...

"ನೀರ್ ಯಾಕಮ್ಮ ಸುಳ್ಳ್ ಹೇಳುತ್ತೆ?" ಎನ್ನುತ್ತಾ ಅಂತೋಣಿ ಅಣ್ಣ ಕೊನೆಗೆ ಒಂದು ಚೀಲ ಬಿಚ್ಚಿದರು. ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಸದ್ದು. ನೆಲಕ್ಕಿಟ್ಟರೆ ತಾನೇ ನೆಟ್ಟಗೆ ನಿಂತಿತು. ಮೂಸಿ ನೋಡಿ ನನ್ನ ಕಡೆ ತಿರುಗಿದರು. "ಇದೇನಮ್ಮ, ಅನ್ನದ್ ವಾಸ್ನೆ ಬರ್ತಿದೆ?"

ಅತ್ತೆ ಗಂಜಿ ಹಾಕಿದ್ದರು. ಗಟ್ಟಿಯಾಗಿ, ಮದುವೆ ಮನೆಯ ಪಂಚೆಗೆ ಹಾಕುವ ಹಾಗೆ. ಬಟ್ಟೆಯ ಸಣ್ಣ ಸಣ್ಣ ತೂತೆಲ್ಲ ಮುಚ್ಚಿ ಗಾಳಿ ಆಡಲು ಜಾಗವೇ ಇರಲಿಲ್ಲ.

ಮನೆಗೆ ಹೋಗಿ ಕೇಳಿದೆ. "ನನ್ನ ಮಗ ದಿನಾ ಅದರ ಮುಂದ ನಿಲ್ತಾನ. ಮುದುಡಿದ ಅರಿವಿ ಹ್ಯಾಂಗ ಕಳಸಲಿ?" ಎಂದರು ಅತ್ತೆ. ಬೈಯಬೇಕೆಂದು ಬಂದವಳಿಗೆ ನಗು ಬಂತು, ಅಳುವೂ ಬಂತು.

ಮಗ ಕೆಮ್ಮಿದ್ದು ಕೇಳಿದ್ದೇ ಅವರು ಎದ್ದು ಒಲೆ ಹಚ್ಚಿದರು. ನೀರು ಕಾಯಿಸಿ ಅಷ್ಟೂ ಚೀಲಗಳ ಗಂಜಿ ಬಿಡಿಸಿದರು. ನನಗೆ ಒಂದನ್ನೂ ಮುಟ್ಟಲು ಬಿಡಲಿಲ್ಲ.

ಒಣಗಿಸಿ ಹಾಕಿದ ಮೇಲೆ ಸೀರೆಯ ಅಂಚು ಮತ್ತೆ ಹಾರಿತು. ಕೆಂಪು ನೀರು ಗೆರೆಯ ಕೆಳಗೆ ತೆಪ್ಪಗೆ ಕೂತಿತು. ಅಂದಿನಿಂದ ಅತ್ತೆ ಮಧ್ಯಾಹ್ನ ಬುತ್ತಿ ತಂದಾಗ ಮೊದಲು ಆ ನೀರು ನೋಡುತ್ತಿದ್ದರು, ಆಮೇಲೆ ಮಗನ ಮುಖ.

ಈಗ ಹೊರಮಾವಿನಲ್ಲಿ ನಮ್ಮದೇ ಸಣ್ಣ ವರ್ಕ್‌ಶಾಪ್ ಇದೆ, ಡಿಜಿಟಲ್ ಮೀಟರ್ ಇದೆ. ನಮ್ಮವರು ಇನ್ನೂ ಮರ ಮುಟ್ಟುತ್ತಲೇ ಇದ್ದಾರೆ.

ಅತ್ತೆಗೆ ಕಣ್ಣು ಮಂಜಾಗಿದೆ. ಆದರೂ ಯಾವ ಬಟ್ಟೆಗೆ ಗಂಜಿ ಹಾಕುವ ಮೊದಲೂ ನನ್ನನ್ನು ಕೂಗಿ ಕರೆದು ಕೇಳುತ್ತಾರೆ...

"ಇದರಾಗಿಂದ ಯಾರರೆ ಉಸರಾಡೋದು ಅದ ಏನವ್ವಾ?"