ಮಾರ್ಬಲ್ ಮೇಸ್ತ್ರಿಯ ಎಂಟು ಕಂಬಗಳು

ಮಾರ್ಬಲ್ ಮೇಸ್ತ್ರಿ ಜೀವಮಾನದಲ್ಲಿ ಅಂಗೈ ಅಗಲದ ಮಾರ್ಬಲ್ಲನ್ನೂ ಕೊಯ್ದವರಲ್ಲ. ಅವರ ಕಸುಬು ಬಣ್ಣ ಬಳಿಯುವುದು. ಆ ಹೆಸರು ಬಂದದ್ದು ಚರ್ಚಿನ ಎಂಟು ಕಂಬಗಳಿಂದ. ಚೂಪು ಕಮಾನುಗಳನ್ನು ಹೊತ್ತು, ನೆತ್ತಿಯ ಮೇಲೆ ಎಲೆಗೊಂಚಲಿನ ಕೆತ್ತನೆ ಇಟ್ಟುಕೊಂಡ ಆ ಕಂಬಗಳು ಅಪ್ಪಟ ಮರ. ಮೂವತ್ತು ವರ್ಷದ ಕೆಳಗೆ ಮೇಸ್ತ್ರಿ ಅವನ್ನು ಉಜ್ಜಿ, ಬಿಳಿ ಬಳಿದು, ಹಸಿ ಬಣ್ಣದ ಮೇಲೆ ಕೋಳಿಪುಕ್ಕದಿಂದ ಬೂದುಗೆರೆ ಎಳೆದು, ವಾರ್ನಿಷ್ ಹೊಡೆದು ಕಲ್ಲು ಮಾಡಿಬಿಟ್ಟಿದ್ದರು. ಕಲ್ಲಿನ ನರ ಹೇಗೆ ಕವಲೊಡೆಯುತ್ತದೆ ಎಂಬುದನ್ನು ಕಲಿತದ್ದು ಅತ್ತೆಯ ಮುಂಗೈ ನೋಡಿ. ಪುಣ್ಯಕ್ಕೆ ಅತ್ತೆಗೆ ಅದು ಕೊನೆಯವರೆಗೂ ಗೊತ್ತಾಗಲಿಲ್ಲ.

ಹೊಸಬರು ಯಾರಾದರೂ "ಎಂಥಾ ಕಲ್ಲು!" ಎಂದರೆ ಸಾಕು, ಮೇಸ್ತ್ರಿ ಉಬ್ಬಿಹೋಗುತ್ತಿದ್ದರು. ಆ ಮಾತಿಗಾಗಿಯೇ ಭಾನುವಾರದ ಪೂಜೆ ಮುಗಿದ ಮೇಲೂ ಬಾಗಿಲ ಬಳಿ ಸುಳಿದಾಡುತ್ತಿದ್ದರು.

"ಬೆಳ್ಳಗಿರೋದೆಲ್ಲಾ ಹಾಲಲ್ಲ ಅಂತ ಅವರಿಗೂ ಒಂದ್ಮಾತು ಹೇಳಿ ಬನ್ನಿ" ಎಂದು ಹೆಂಡತಿ ಛೇಡಿಸುತ್ತಿದ್ದರು.

ಹೀಗಿರುವಾಗ ಹೊಸ ಪಾದ್ರಿ ಬಂದರು. ಬಂದ ತಿಂಗಳಿಗೇ, ದಾನಿಯೊಬ್ಬರು ನಿಜವಾದ ಮಾರ್ಬಲ್ ಕೊಡುತ್ತಾರೆ, ಕಂಬಗಳಿಗೆ ಅದನ್ನೇ ಹೊದಿಸೋಣ, ಭಾನುವಾರ ಎಲ್ಲರೂ ಕೂತು ತೀರ್ಮಾನಿಸೋಣ ಎಂದರು. ಆ ಎಂಟು ಕಂಬ ಬಿಟ್ಟರೆ ಮೇಸ್ತ್ರಿ ಬಳಿದದ್ದೆಲ್ಲ ಬರೀ ಗೋಡೆ, ಗೇಟು. ಆ ವಾರ ಅವರಿಗೆ ಅನ್ನ ಸೇರಲಿಲ್ಲ.

ಭಾನುವಾರ ಮೇಸ್ತ್ರಿ ಒಂದು ಮಾರ್ಬಲ್ ತುಂಡನ್ನು ಕೈಯಲ್ಲಿ ಹಿಡಿದೇ ಬಂದರು. ಅದನ್ನು ಕಂಬಕ್ಕೆ ಒತ್ತಿ ಹಿಡಿದು, "ಯಾವುದು ಅಸಲಿ ಅಂತ ನೀವೇ ಹೇಳಿಬಿಡಿ ಫಾದರ್" ಎಂದು ಸವಾಲು ಹಾಕಿದರು.

ಪಾದ್ರಿ ಕಣ್ಣಿಟ್ಟು ನೋಡುವ ಗೋಜಿಗೇ ಹೋಗಲಿಲ್ಲ. ಎರಡರ ಮೇಲೂ ಅಂಗೈ ಇಟ್ಟರು. "ಇದು ತಣ್ಣಗಿದೆ, ಕಲ್ಲು. ಇದು ಬೆಚ್ಚಗಿದೆ, ಮರ." ಮೇಸ್ತ್ರಿಯ ಮುಖ ಹುಳ್ಳಗಾಯಿತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದರು.

ಆಗ ಹೆಂಗಸರ ಕಡೆಯಿಂದ ಅವರ ಹೆಂಡತಿ ಎದ್ದು ಬಂದು ಆ ತುಂಡನ್ನು ಮುಟ್ಟಿ ನೋಡಿದರು. "ಅಯ್ಯೋ, ಐಸಿನ ಗಡ್ಡೆ! ಫಾದರ್, ನಾವು ವಯಸ್ಸಾದವರು ಕಂಬಕ್ಕೆ ಒರಗಿಯೇ ಉಪದೇಶ ಕೇಳೋದು. ಇದಕ್ಕೆ ಒರಗಿದ್ರೆ ಬೆನ್ನು ಹಿಡ್ಕೊಂಡುಬಿಡುತ್ತೆ. ನಿಮ್ಮ ಉಪದೇಶನೂ ಬೇಗ ಮುಗಿಯಲ್ಲ."

ಚರ್ಚು ಗೊಳ್ಳೆಂದಿತು. ಮುದುಕಿಯರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಪಾದ್ರಿಯೂ ನಕ್ಕು, ಹಾಗಾದರೆ ಮಾರ್ಬಲ್ ನೆಲಕ್ಕೇ ಇರಲಿ ಎಂದರು.

ಕಂಬ ಉಳಿದರೂ ಮೇಸ್ತ್ರಿಯ ಮುನಿಸು ಇಳಿಯಲಿಲ್ಲ. ಮನೆ ದಾರಿಯಲ್ಲಿ ಗೊಣಗಿದರು: "ನನ್ನ ಕೆಲಸ ಚೆನ್ನಾಗಿದೆ ಅಂತ ಒಬ್ರಾದ್ರೂ ಅಂದ್ರಾ? ಎಲ್ಲರಿಗೂ ಬೆನ್ನಿನದೇ ಚಿಂತೆ."

"ಮೂವತ್ತು ವರ್ಷದಿಂದ ನಾನು ಎರಡನೇ ಕಂಬ ಬಿಟ್ಟು ಬೇರೆ ಕಡೆ ಕೂತಿಲ್ಲ ಕಣ್ರೀ" ಎಂದರು ಹೆಂಡತಿ. "ನೀವು ಬಳಿದಿದ್ದಕ್ಕೇ ಒರಗಬೇಕು ಅಂತ. ಒಂದು ದಿನನಾದ್ರೂ ನೋಡಿದ್ರಾ?"

ಆ ಕಂಬದಲ್ಲಿ ಬೆನ್ನೆತ್ತರಕ್ಕೆ ಸವೆಯುತ್ತಿದ್ದ ವಾರ್ನಿಷನ್ನು ಮೇಸ್ತ್ರಿ ವರ್ಷ ವರ್ಷವೂ ತಿದ್ದುತ್ತಿದ್ದರು, ಯಾವ ದರಿದ್ರದವರು ಉಜ್ಜಿದರೋ ಎಂದು ಬೈಯುತ್ತಾ.