ಅಂಬಿಗ ನೆಲಕ್ಕಿಳಿಯದ ಕಾರಣ

ಕಡೂರಿನ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆಗೆ ಕೈ ಚಾಚಿ ಕೂತಿದ್ದೆ. ನರ್ಸು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಮೊಣಕೈಯ ಒಳಬದಿಗೆ ಒತ್ತಿದಳು. ತಣ್ಣಗಾಯಿತು. ಆ ವಾಸನೆಗೆ ಯಾರಿಗಾದರೂ ನೆನಪಾಗಬೇಕಾದದ್ದು ಆಸ್ಪತ್ರೆ. ನನಗೆ ನೆನಪಾದದ್ದು ಸಿನಿಮಾ. ತರೀಕೆರೆಯ ಬಸ್ ಸ್ಟ್ಯಾಂಡಿನ ಹಿಂದಿದ್ದ ಕ್ಯಾಸೆಟ್ ಅಂಗಡಿ, ಮುಚ್ಚಳ ಬಿಚ್ಚಿಟ್ಟ ವಿಸಿಆರ್, ಅದರೊಳಗೆ ಟೇಪು ಓದುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಮೆಲ್ಲಗೆ ಒರೆಸುತ್ತಿದ್ದ ಅಕ್ಕ...

ಅಂಗಡಿಯ ಬಾಗಿಲು ಹಸಿರು ಬಣ್ಣದ್ದು ಎಂದು ಬರೆಯಹೊರಟವನು ಈಗ ನಿಲ್ಲಿಸಿದೆ. ಹಸಿರು ನನಗೆ ನಿಜಕ್ಕೂ ನೆನಪಿಲ್ಲ. ವಾಕ್ಯಕ್ಕೆ ಒಂದು ಬಣ್ಣ ಬೇಕಿತ್ತು, ಅಷ್ಟೇ. ಬಾಗಿಲು ಇತ್ತು. ಅಷ್ಟು ಸಾಕು.

ಆಗ ನಾನು ಅಜ್ಜಂಪುರದಿಂದ ತರೀಕೆರೆಯ ಕಾಲೇಜಿಗೆ ಬರುತ್ತಿದ್ದೆ. ಸಂಜೆಯ ಬಸ್ಸಿಗೆ ಕಾಯುವ ಹೊತ್ತೆಲ್ಲ ಕಳೆದದ್ದು ಆ ಅಂಗಡಿಯಲ್ಲಿ. ಅಕ್ಕ ನನ್ನ ಸಂಬಂಧಿಯಲ್ಲ; ಇಡೀ ಊರೇ ಅವಳನ್ನು ಅಕ್ಕ ಎನ್ನುತ್ತಿತ್ತು. ಒಬ್ಬಳೇ ಬಂದಿದ್ದಳು, ಒಬ್ಬಳೇ ಇದ್ದಳು. ಎಲ್ಲಿಂದ ಬಂದಳು, ಯಾಕೆ ಬಂದಳು ಎಂದು ಯಾರಿಗೂ ತಿಳಿಯದು. ತಿಳಿಯದ್ದರಿಂದಲೇ ಪಕ್ಕದ ಹೋಟೆಲಿನ ಬೆಂಚಿನ ಮೇಲೆ ದಿನಕ್ಕೊಂದು ಕಥೆ ತಯಾರಾಗುತ್ತಿತ್ತು. ಮದುವೆ ಮಂಟಪದಿಂದ ಎದ್ದು ಬಂದವಳು ಎಂದು ಒಬ್ಬ, ಗಂಡ ಮಿಲಿಟರಿಯಲ್ಲಿದ್ದಾನೆ ಎಂದು ಇನ್ನೊಬ್ಬ. ಹೋಟೆಲಿನವನು ಒಮ್ಮೆ ಕಾಫಿ ತಂದಿಟ್ಟು ನೇರವಾಗಿಯೇ ಕೇಳಿದ:

“ಅಲ್ಲಾ ಅಕ್ಕ, ಇಷ್ಟು ವರ್ಷ ಆಯ್ತು. ಯಾವೂರೋರು ಅಂತ ಹೇಳ್ಬಿಟ್ರೆ ನಿಮ್ ಗಂಟೇನ್ ಹೋಗುತ್ತೆ?”

“ನಿಮ್ ಹೋಟ್ಲು ವ್ಯಾಪಾರ ಹೋಗುತ್ತೆ ಕಣಪ್ಪಾ,” ಅಕ್ಕ ತಲೆಯೆತ್ತದೆ ಅಂದಳು. “ಆಮೇಲೆ ಬೆಂಚಲ್ಲಿ ಕೂತು ಮಾತಾಡೋಕೆ ಅವ್ರಿಗೆ ಏನಿರುತ್ತೆ?”

ಅವಳು ಯಾರಿಗೂ ಬಾಡಿಗೆಗೆ ಕೊಡದ ಮೂರು ಕ್ಯಾಸೆಟ್‌ಗಳಿದ್ದವು. ಒಂದೇ ಕಥೆಯ ಮೂರು ಭಾಗ. ಆಕಾಶದ ಪುರಾಣ ಎನ್ನಬಹುದಾದ ಇಂಗ್ಲಿಷ್ ಸಿನಿಮಾ. ನಕ್ಷತ್ರದಿಂದ ನಕ್ಷತ್ರಕ್ಕೆ ಜನರನ್ನು ದಾಟಿಸುವ ಒಬ್ಬ ನಾವಿಕ ಅದರಲ್ಲಿದ್ದ. ಅಕ್ಕ ಅವನನ್ನು ಅಂಬಿಗ ಎನ್ನುತ್ತಿದ್ದಳು. ಯಾವ ಲೋಕ ತಲುಪಿದರೂ ಅವನು ಹಡಗಿನಿಂದ ನೆಲಕ್ಕಿಳಿಯುವುದಿಲ್ಲ. ಎರಡನೇ ಭಾಗದಲ್ಲಿ ಒಬ್ಬ ಹುಡುಗಿ, ನೀನೇಕೆ ಇಳಿಯುವುದಿಲ್ಲ ಎಂದು ಕೇಳುತ್ತಾಳೆ. ಅವನು ಉತ್ತರ ಕೊಡದೆ ಕಿಟಕಿಯಾಚೆ ನೋಡುತ್ತಾನೆ. ಅಕ್ಕ ಸರಿಯಾಗಿ ಅಲ್ಲಿ ಟೇಪು ನಿಲ್ಲಿಸುತ್ತಿದ್ದಳು. ಪರದೆಯ ಗೆರೆಗಳ ನಡುವೆ ಅವನ ಮುಖ ನಡುಗುತ್ತ ನಿಂತಿರುತ್ತಿತ್ತು.

“ಏನ್ ಕಂಡಿರ್ಬೋದು ಹೇಳು.”

ನಾನೊಂದು ಕಾರಣ ಹೇಳುತ್ತಿದ್ದೆ. “ಇರ್ಬೋದು” ಅನ್ನುತ್ತಿದ್ದಳು. ಮರುವಾರ ಇನ್ನೊಂದು ಹೇಳಿದರೆ ಅದಕ್ಕೂ “ಇರ್ಬೋದು”. ತನ್ನ ಕಾರಣವನ್ನು ಮಾತ್ರ ಅವಳು ಎಂದೂ ಹೇಳಲಿಲ್ಲ.

ನಾನು ಕೆಲಸಕ್ಕೆ ಸೇರಿ, ಕ್ಯಾಸೆಟ್ ಹೋಗಿ ಸಿಡಿ ಬಂದ ಮೇಲೆ, ಆ ಕಥೆಗೂ ಹಿಂದಿನ ಕಥೆ ಎಂದು ಹೊಸ ಸಿನಿಮಾ ಬಂತು. ಅಂಬಿಗನ ಬಾಲ್ಯ! ಸಿಡಿ ಹಿಡಿದು ತರೀಕೆರೆಗೆ ಓಡಿದೆ. ಗಿರಾಕಿಗಳಿಲ್ಲದ ಮಧ್ಯಾಹ್ನ ಇಬ್ಬರೂ ಕೂತು ನೋಡಿದೆವು. ನೆಲ ಬಿರಿಯುತ್ತದೆ. ತಾಯಿ ಅದರೊಳಗೆ ಹೋಗುತ್ತಾಳೆ. ಇನ್ನು ನೆಲಕ್ಕೆ ಕಾಲಿಡುವುದಿಲ್ಲವೆಂದು ಹುಡುಗ ಶಪಥ ಮಾಡುತ್ತಾನೆ, ಹಿಂದಿನಿಂದ ಪಿಟೀಲುಗಳು ಅಳುತ್ತವೆ. ಅವನಿಗೆ ಹಡಗು ಕಟ್ಟಿಕೊಡುವವನೇ ಮುಂದೆ ವೈರಿಯಾಗುವ ದೊರೆ. ಆ ದೊರೆಯ ತಂಗಿಯೇ, ಮುಂದೆ ಪ್ರಶ್ನೆ ಕೇಳಲಿರುವ ಹುಡುಗಿಯ ತಾಯಿ.

“ಅಬ್ಬಬ್ಬಾ! ಅಷ್ಟು ದೊಡ್ಡ ಆಕಾಶ, ಒಬ್ರಾದ್ರೂ ಹೊರಗಿನೋರು ಬೇಡ್ವಾ? ಎಲ್ಲಾ ಬೀಗರೇ! ಲಿಂಗದಹಳ್ಳಿ ಮದ್ವೆ ಮನೆಗೆ ಹೋದಂಗಾಯ್ತು ಕಣೋ.”

ಇಬ್ಬರೂ ನಕ್ಕೆವು. ಆಮೇಲೆ ಅಕ್ಕ ಮೂಲೆಯಲ್ಲಿದ್ದ ವಿಸಿಆರ್ ಎತ್ತಿಟ್ಟು, ಹೆಡ್ ಒರೆಸಿ, ಹಳೆಯ ಎರಡನೇ ಭಾಗ ಹಾಕಿದಳು. ಅದೇ ಜಾಗದಲ್ಲಿ ನಿಲ್ಲಿಸಿದಳು. ಅಂಬಿಗ ಕಿಟಕಿಯಾಚೆ ನೋಡುತ್ತಿದ್ದ. ಬಿರಿದ ನೆಲ, ತಾಯಿ. ನನಗೆ ಬೇರೇನೂ ಕಾಣಲಿಲ್ಲ. ಅಕ್ಕ ಈ ಸಲ ಏನನ್ನೂ ಕೇಳಲಿಲ್ಲ.

“ನಮ್ ಪುರಾಣದಲ್ಲೂ ಪೂರ್ವಜನ್ಮದ ಕಥೆ ಇಲ್ವಾ ಅಕ್ಕ?” ಎಂದೆ, ಸಿಡಿ ತಂದವನ ಹಟಕ್ಕೆ.

“ಇದೆ. ಅದನ್ನ ಕೇಳಿದ್ರೆ ಇನ್ನೂ ನಾಕು ಬಾಗ್ಲು ತೆರ್ಕೊಳುತ್ತೆ. ಇದು ಇದ್ದ ಕಿಟಕೀನೂ ಮುಚ್ತು.” ಕ್ಯಾಸೆಟ್ ಹೊರತೆಗೆಯುತ್ತ ಅಂದಳು, “ಅವನು ಸುಮ್ನಿದ್ದಾಗ ನನ್ನೂ ಕೂರಿಸ್ಕೊಂಡು ಹೋಗ್ತಿದ್ದ ಕಣೋ. ಈಗ ಹಡಗಲ್ಲಿ ಜಾಗ ಇಲ್ಲ.”

ಹೀಗೇ ಅಂದಳೆ, ಅಥವಾ ಇಷ್ಟು ವರ್ಷಗಳಲ್ಲಿ ನಾನೇ ತಿದ್ದಿ ತೀಡಿದ್ದೇನೆಯೆ? ಹೇಳಲಾರೆ. ಹಡಗಿನ ಮಾತು ಬಂದದ್ದು ಖಂಡಿತ.

ಕೊನೆ ಗೊತ್ತಿರುವ ಕಥೆಗೆ ಮೊದಲನ್ನು ಕಟ್ಟಿದರೆ ಆ ಮೊದಲಿಗೆ ಉಸಿರಾಡಲು ಜಾಗವಿರುವುದಿಲ್ಲ. ಹುಡುಗ ಯಾವ ದಾರಿ ಹಿಡಿದರೂ ಹಡಗಿಗೇ ಬಂದು ಮುಟ್ಟಬೇಕು. ಆಕಸ್ಮಿಕ ಎಂಬುದೇ ಇಲ್ಲ. ಅಷ್ಟರಲ್ಲೇ ಮುಗಿದರೆ ಚಿಂತೆಯಿರಲಿಲ್ಲ, ನೋಡದೆ ಬಿಡಬಹುದಿತ್ತು. ಆದರೆ ಅದು ಹಿಂದಿರುಗಿ ಹಳೆಯ ಸಿನಿಮಾದೊಳಗೂ ಕಾಲಿಡುತ್ತದೆ. ನಾವು ನಮ್ಮ ಪಾಡಿಗೆ ತುಂಬಿಕೊಂಡಿದ್ದ ಮೌನದ ಮೇಲೆ ತನ್ನ ಚೀಟಿ ಅಂಟಿಸುತ್ತದೆ. ನೆನಪನ್ನೂ ನಾನು ಇದೇ ಕಾರಣಕ್ಕೆ ನಂಬುವುದಿಲ್ಲ. ಅದೂ ಎಲ್ಲ ಮುಗಿದ ಮೇಲೆ ಬಂದು, ಇದು ಇದಕ್ಕೇ ಆಯಿತು ಎನ್ನುತ್ತದೆ...

ಕ್ಲಿನಿಕ್ಕಿನಲ್ಲಿ ರಕ್ತ ಕೊಟ್ಟವನು ಮನೆಗೆ ಹೋಗದೆ ತರೀಕೆರೆಯ ಬಸ್ಸು ಹತ್ತಿದೆ. ಅಕ್ಕ ತೀರಿಕೊಂಡು ವರ್ಷಗಳಾಗಿವೆ. ನನಗೆ ಸುದ್ದಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ. ನಡೆಸುವವನು ಪಕ್ಕದ ಹೋಟೆಲಿನವನ ಮಗ. ನನ್ನ ಗುರುತು ಹಿಡಿದು ಸ್ಟೂಲು ಎಳೆದು ಕೂರಿಸಿದ.

“ಅಕ್ಕ ಹೋದ್ಮೇಲೆ ಅವ್ರ ತಮ್ಮ ಅಂತ ಒಬ್ರು ಬಂದಿದ್ರು ಸಾರ್, ಸಾಮಾನು ತಗೊಂಡ್ಹೋಗೋಕೆ. ಯಾವೂರು, ಯಾಕ್ ಬಂದ್ರು, ಎಲ್ಲಾ ಹೇಳಿದ್ರು. ನಮ್ ಬೆಂಚಲ್ಲಿ ಹೇಳ್ತಿದ್ದುದ್ರಲ್ಲಿ ಒಂದೂ ನಿಜ ಅಲ್ಲ ಕಣ್ರೀ! ಹೇಳ್ಲಾ?”

ಅದನ್ನು ಕೇಳಲೆಂದೇ ನಾನು ಬಂದಿದ್ದೆ. ಅದಿಲ್ಲದೆ ಅಕ್ಕನ ಬಗ್ಗೆ ಬರೆದರೆ ಬರಹಕ್ಕೆ ಬೆನ್ನೆಲುಬೇ ಇರದು ಎಂದು ಬಸ್ಸಿನುದ್ದಕ್ಕೂ ಅಂದುಕೊಂಡಿದ್ದೆ. ಅವನು ಬಾಯಿ ತೆರೆಯುವುದೊಂದೇ ಬಾಕಿ. ಆಮೇಲೆ ಅವಳು ತಲೆಯೆತ್ತದೆ ಮಾತಾಡಿದ್ದಕ್ಕೂ, ಆ ನಗುವಿಗೂ, ಅಷ್ಟೊಂದು “ಇರ್ಬೋದು”ಗಳಿಗೂ ಒಂದೊಂದು ಕಾರಣ ಸಿಕ್ಕಿಬಿಡುತ್ತಿತ್ತು.

“ಬೇಡ ಕಣಪ್ಪಾ.”

“ಅಯ್ಯೋ, ಕಡೂರಿಂದ ಬಂದು ಕೇಳ್ದೇ ಹೋಗ್ತೀರಾ?”

“ಟೀ ತರ್ಸು. ಅದಕ್ಕೇ ಬಂದೆ ಅಂದ್ಕೋ.”

ಅವನು ನಕ್ಕು ಹೋಟೆಲಿನ ಕಡೆ ಕೂಗಿದ. ಟೀ ಚೆನ್ನಾಗಿತ್ತು. ಹಳೆಯ ಬಾಗಿಲಿನ ಬಣ್ಣವನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ವಾಪಸ್ ಬರುವಾಗ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮೊಣಕೈಗೆ ಇನ್ನೂ ಅಂಟಿದ್ದ ಹತ್ತಿಯನ್ನು ಕಿತ್ತು ಮೂಸಿದೆ. ವಾಸನೆ ಪೂರ್ತಿ ಹಾರಿಹೋಗಿತ್ತು. ಅಕ್ಕ ಇಲ್ಲ ಎಂಬುದು ನನಗೆ ಸರಿಯಾಗಿ ತಾಗಿದ್ದು ಆ ಒಣಗಿದ ಹತ್ತಿಯಿಂದ. ಬೇಸರವಾಯಿತು, ಆದರೂ ಒಳಗೆಲ್ಲೋ ಹಗುರವಾಗಿತ್ತು. ಹೊರಗೆ ನೋಡುತ್ತ ಕೂತೆ. ಕಂಡಕ್ಟರು ಬಂದು “ಎಲ್ಲಿಗೆ ಸಾರ್?” ಎಂದ. ಅವನು ಎರಡನೇ ಸಲ ಕೇಳುವವರೆಗೂ ನಾನು ಉತ್ತರ ಕೊಡಲಿಲ್ಲ.