ಅಕ್ಕಿಮನೆಯ ಹಕ್ಕಿ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮದ್ದೂರಿನ ಕಾಲೇಜಿಗೆ ಸೇರಿದ ಹೊಸದರಲ್ಲಿ ನಾನು ‘ಅಳ್ಳಿ’, ‘ಅಬ್ಬ’ ಅಂದಾಗಲೆಲ್ಲ ಹಿಂದಿನ ಬೆಂಚು ನಗುತ್ತಿತ್ತು. ಹಠ ಹಿಡಿದು ‘ಹ’ ಕಲಿತೆ. ಬಸ್ಸಿನ ಕಿಟಕಿ ಪಕ್ಕ ಕೂತು ಹಾಲು, ಹಳ್ಳಿ, ಹೂವು, ಹಬ್ಬ ಅಂತ ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ಅದು ಎಷ್ಟು ಮೈಗಂಟಿತೆಂದರೆ, ಎದುರಿನವರು ನುಂಗಿದ ‘ಹ’ವನ್ನೂ ನಾನೇ ಸೇರಿಸಿ ಕೇಳಿಸಿಕೊಳ್ಳುವಂತಾಯಿತು.

ಈಗ ಮಳವಳ್ಳಿಯಲ್ಲಿ, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಸಣ್ಣ ವ್ಯಾಪಾರದವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಅವರ ಪರವಾಗಿ ಇಂಟರ್ನೆಟ್ಟಿನಲ್ಲಿ ಒಂದು ಹೆಸರು ಕೊಳ್ಳುವುದೂ ನನ್ನ ಕೆಲಸವೇ. ಡೊಮೇನ್ ಅನ್ನುತ್ತಾರೆ. ಒಬ್ಬರು ಕೊಂಡ ಹೆಸರನ್ನು ಅವರು ಬಿಡುವ ತನಕ ಇನ್ನೊಬ್ಬರು ಕೊಳ್ಳುವಂತಿಲ್ಲ.

ಒಂದು ದಿನ ಒಬ್ಬರು ಹೆಂಗಸು ಫೋನ್ ಮಾಡಿದರು. ಹಿಂದೆ ಬಸ್ಸುಗಳ ಹಾರ್ನ್ ಸದ್ದು.

“ಅಲ್ಗೂರಿಂದ ಮಾತಾಡ್ತಿವ್ನಿ ಕಣವ್ವಾ. ಮುತ್ತತ್ತಿ ರಸ್ತೇಲಿ ನಮ್ಮನೆ. ನಂಗೊಂದು ವೆಬ್‌ಸೈಟು ಬೇಕು. ಎಸ್ರು ಅಕ್ಕಿಮನೆ ಅಂತ ಇಡು.”

ಹಲಗೂರು ‘ಅಲ್ಗೂರು’ ಆಗಿತ್ತು, ಹೆಸರು ‘ಎಸ್ರು’ ಆಗಿತ್ತು. ನಾನು ಎಲ್ಲದಕ್ಕೂ ‘ಹ’ ಹಚ್ಚಿದೆ. ಮುತ್ತತ್ತಿಗೆ ಹೋಗುವವರು ತಂಗಲು ಯಾರೋ ಮನೆ ಮಾಡಿದ್ದಾರೆ, ನದಿ ದಡ, ಹಕ್ಕಿಗಳು, ಆಹಾ, ಹಕ್ಕಿಮನೆ! ಇಂಗ್ಲಿಷ್ ಅಕ್ಷರದಲ್ಲಿ ಎಚ್ ಇಟ್ಟು ಹೆಸರು ಕೊಂಡೆ. ಪುಟದ ಮೇಲೆ ಚಂದದ ಒಂದು ಗುಬ್ಬಿಯನ್ನೂ ಕೂರಿಸಿದೆ.

ಮಾರನೆಯ ದಿನ ಆ ಅಕ್ಕ ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದರು. ಚೀಲದ ತುಂಬ ಸಂಡಿಗೆ, ನಿಪ್ಪಟ್ಟು, ಕೋಡುಬಳೆ. ಪರದೆಯ ಮೇಲೆ ಪುಟ ತೋರಿಸಿದೆ.

“ಇದ್ಯಾಕವ್ವಾ ಗುಬ್ಬಿ ಕುಂತದೆ?”

“ಹಕ್ಕಿಮನೆ ಅಂದ್ರಲ್ಲಕ್ಕಾ.”

“ಅಯ್ಯೋ ನಿನ್ನ! ಅಕ್ಕಿ ಕಣವ್ವಾ, ಅಕ್ಕಿ! ಆರೋ ಅಕ್ಕಿ ಅಲ್ಲ, ಬೇಸೋ ಅಕ್ಕಿ! ಅಕ್ಕಿ ಇಟ್ನಲ್ಲಿ ಮಾಡೋ ತಿಂಡಿ ಮಾರಕ್ಕೆ ಗುಬ್ಬಿ ಕೂರ್ಸಿದ್ರೆ, ಗುಬ್ಬಿ ಬಾಡು ಮಾರ್ತಾಳೆ ಅಂದ್ಕತಾರೆ ಜನ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನಗೆ ಭಯವೇನೂ ಆಗಲಿಲ್ಲ. ಹೆಸರು ಕೊಂಡ ಮೊದಲ ನಾಲ್ಕೈದು ದಿನದೊಳಗೆ ವಾಪಸ್ ಕೊಟ್ಟರೆ ಹೆಸರು ಮಾರುವ ಕಂಪನಿಯವರು ಹಣ ಹಿಂತಿರುಗಿಸುತ್ತಾರೆ. ಇಂಥ ತಪ್ಪುಗಳಿಗಾಗಿಯೇ ಇರುವ ಸವಲತ್ತು ಅದು. ಎಚ್ ಇಲ್ಲದ ಅಕ್ಕಿಮನೆ ಖಾಲಿಯಿದೆಯೇ ಎಂದು ನೋಡಿದೆ, ಇತ್ತು. ಹಕ್ಕಿಯನ್ನು ವಾಪಸ್ ಮಾಡುವ ಗುಂಡಿ ಒತ್ತಿ ಅಕ್ಕಿಗೆ ಕೈ ಹಾಕಿದೆ.

ಕಂಪನಿಯಲ್ಲಿದ್ದ ನನ್ನ ಖಾತೆಗೆ ಬೀಗ ಬಿತ್ತು. ವಾಪಸಾತಿಯೂ ನಿಂತಿತು, ಹೊಸ ಹೆಸರು ಕೊಳ್ಳುವುದೂ ನಿಂತಿತು. ‘ನೀವು ಪದೇ ಪದೇ ಹೆಸರು ಪಡೆದು ಹಿಂತಿರುಗಿಸುತ್ತಿದ್ದೀರಿ, ಕಾರಣ ತಿಳಿಸಿ’ ಎಂದು ಕಂಪನಿಯ ಸಂದೇಶ. ಆ ವಾರವೇ ಮದ್ದೂರಿನ ನಮ್ಮ ಕಾಲೇಜಿನಲ್ಲಿ ಮಕ್ಕಳಿಗೆ ಹೆಸರು ಕೊಳ್ಳುವ ಬಗೆ ತೋರಿಸಲು ಒಂದೆರಡನ್ನು ಕೊಂಡು ಹಿಂತಿರುಗಿಸಿದ್ದೆ. ಅದರ ಮೇಲೆ ಇದೂ ಸೇರಿ ನನ್ನನ್ನು ‘ರುಚಿ ನೋಡುವವರ’ ಪಟ್ಟಿಗೆ ಸೇರಿಸಿದ್ದಾರೆ ಎಂದೆ.

“ರುಚಿ ನೋಡೋದಾ? ಅದೇನವ್ವಾ?” ಅಕ್ಕ ಕೇಳಿದರು.

ಕೆಲವರು ಯಂತ್ರ ಇಟ್ಟು ಮೂಟೆಗಟ್ಟಲೆ ಹೆಸರು ಬಾಚಿಕೊಳ್ಳುತ್ತಾರೆ, ಅದರ ತುಂಬ ಜಾಹೀರಾತು ಹಾಕುತ್ತಾರೆ, ಜನ ಬರುವ ಒಂದೋ ಎರಡೋ ಉಳಿಸಿಕೊಂಡು ಮಿಕ್ಕಿದ್ದನ್ನು ಗಡುವಿನೊಳಗೆ ಬಿಸಾಕುತ್ತಾರೆ ಎಂದೆ. ಇನ್ನು ಕೆಲವರು ಬಿಸಾಕಿದ ಗಳಿಗೆಯಲ್ಲೇ ಮತ್ತೆ ಅದನ್ನೇ ಎತ್ತಿಕೊಳ್ಳುತ್ತಾರೆ. ಹೀಗೆ ಸುತ್ತಿಸುತ್ತಾ ಕಾಸು ಬಿಚ್ಚದೆ ಹೆಸರನ್ನು ಕೈಯಲ್ಲೇ ಇಟ್ಟುಕೊಳ್ಳುತ್ತಾರೆ. ನಿಜವಾಗಿ ಬೇಕಾದವರಿಗೆ ಅದು ಸಿಗುವುದೇ ಇಲ್ಲ.

“ಅಂಗಾರೆ ನೀನೂ ಅಂಥೋಳೇ ಅಂದ್ಕಂಡವ್ರೆ!” ಎಂದು ನಕ್ಕವರು ತಟ್ಟನೆ ನಿಲ್ಲಿಸಿದರು. “ನೀನು ಕೊಳ್ಳಕ್ಕಾಗ್ದಿದ್ರೆ ಅಕ್ಕಿಮನೇನ ಇನ್ಯಾರಾರ ಎತ್ಕತಾರಾ?”

“ಎತ್ಕೋಬಹುದು ಅಕ್ಕಾ.”

“ಸಂಜೆಗೆ ಮಂಡ್ಯದ ಪ್ರೆಸ್ನೋನು ತಿಂಡಿ ಕವರ್ ಅಚ್ಚಾಕ್ತಾನೆ. ಅದ್ರ ಮ್ಯಾಲೆ ಆಕಕ್ಕೆ ವೆಬ್‌ಸೈಟ್ ಎಸ್ರು ಯೋಳು ಅಂತ ಕುಂತವ್ನೆ.”

ಕಂಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಕಷ್ಟಪಟ್ಟು ಕಲಿತ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಆ ಕಡೆಯಿದ್ದ ಹುಡುಗ ತಾಳ್ಮೆಯವನೇ. ಆದರೆ ‘ರೈಸ್’ ಅಂದದ್ದು ನನಗೆ ‘ಬರ್ಡ್’ ಅಂತ ಕೇಳಿಸಿತು ಎಂದರೆ ಯಾರು ನಂಬುತ್ತಾರೆ? ಅವನು ಎರಡು ಸಲ “ಸಾರಿ ಮೇಡಂ?” ಅಂದ. ನನ್ನ ಕಿವಿಗೇ ಅದು ಹಸಿ ಸುಳ್ಳಿನ ಹಾಗೆ ಕೇಳಿಸಿತು.

“ನಿಮಗೆ ಕನ್ನಡ ಬರುತ್ತಾ?” ಎಂದೆ.

“ಬರ್ತದ್ರಿ ಮೇಡಂ. ನಮ್ಮದು ಧಾರವಾಡದ ಕಡೆ.”

“ಅವರು ಅಕ್ಕಿ ಅಂದ್ರು. ನಮ್ಮ ಕಡೆ ಹಕ್ಕಿಗೂ ಅಕ್ಕಿ ಅಂತಾರೆ. ನಾನು ಓದಿದವಳು ಅಂತ ಎಚ್ ಸೇರಿಸಿಬಿಟ್ಟೆ.”

ಅವನು ನಕ್ಕ ರಭಸಕ್ಕೆ ಫೋನೇ ಅದುರಿದ ಹಾಗಾಯಿತು. ನಗು ಮುಗಿಸಿ ಕೇಳಬೇಕಾದ್ದನ್ನೆಲ್ಲ ಕೇಳಿದ. ಜಾಹೀರಾತು ಹಾಕಿದ್ದಿರಾ? ಇಲ್ಲ. ಬಿಟ್ಟ ಹೆಸರನ್ನೇ ಮತ್ತೆ ಕೊಂಡಿದ್ದಿರಾ? ಇಲ್ಲ. ಬೇರೆ ಯಾರದಾದರೂ ಅಂಗಡಿ ಹೆಸರನ್ನು ಹೋಲುವಂಥದ್ದು? ಇಲ್ಲ. ಕಾಲೇಜಿನ ಪಾಠದ ವಿಷಯವನ್ನೂ ಹೇಳಿದೆ.

“ಇದು ತಪ್ಪು ಬರೆದದ್ದು, ಅದು ಕಲಿಸೋಕೆ ತಗೊಂಡದ್ದು. ಎರಡೂ ನಡೀತದ್ರಿ. ಬೀಗ ತೆಗೀತೀನಿ. ಹಕ್ಕಿ ಹಾರಿಸಿ ಅಕ್ಕಿ ತಗೋರಿ.”

ಅಷ್ಟರಲ್ಲಿ ಅಕ್ಕ ನನ್ನ ಕೈ ಹಿಡಿದರು. “ತಡಿಯವ್ವಾ. ಆ ಆರೋ ಅಕ್ಕೀನೂ ಇರ್ಲಿ ಬುಡು.”

“ಯಾಕಕ್ಕಾ? ಎರಡಕ್ಕೂ ದುಡ್ಡು ಕಟ್ಟಬೇಕು.”

“ಓದ್ದೋಳು ನೀನೇ ತೆಪ್ಪಾಗಿ ಕೇಳಿಸ್ಕಂಡೆ. ಮೈಸೂರೋರು, ಬೆಂಗ್ಳೂರೋರು ನನ್ನ ಮಾತು ಕೇಳಿ ಎಚ್ ಆಕ್ದೆ ಇರ್ತಾರಾ? ಯಾವ ಬಾಗ್ಲಿಂದ ಬಂದ್ರೂ ನನ್ನ ಸಂಡಿಗೆ ತಾವ್ಕೇ ಬರ್ಬೇಕು.”

ನನ್ನ ತಲೆಗೆ ಹೊಳೆಯದ ಮಾತು. ಒಂದು ಗಳಿಗೆ ಅನ್ನಿಸಿತು: ಹಕ್ಕಿಯನ್ನು ಈಗ ಬಿಟ್ಟು, ಆಮೇಲೆ ಮತ್ತೆ ತೆಗೆದುಕೊಂಡರೆ ಇನ್ನೂ ನಾಲ್ಕು ದಿನ ದುಡ್ಡಿಲ್ಲದೆ ತಳ್ಳಬಹುದು. ಹಾಗೆ ಸುತ್ತಿಸುವವರನ್ನು ಈಗಷ್ಟೇ ಬೈದದ್ದು ನೆನಪಾಗಿ ನನ್ನಷ್ಟಕ್ಕೆ ನಗು ಬಂತು. “ವಾಪಸಾತಿ ರದ್ದು ಮಾಡಿ. ಎರಡನ್ನೂ ವರ್ಷಕ್ಕೇ ತಗೋತೀವಿ” ಎಂದೆ. “ಶಾಣ್ಯಾ ಇದ್ದೀರಿ” ಎಂದ ಹುಡುಗ. ಅದು ಯಾರಿಗೆ ಹೇಳಿದ್ದೋ ನಾನು ಕೇಳಲಿಲ್ಲ.

ಅಕ್ಕಿಮನೆ ಕೊಂಡದ್ದಾಯಿತು. ಮಾಲೀಕರು ಎಂಬಲ್ಲಿ ಅಕ್ಕನ ಹೆಸರು ಹಾಕಿ ಪರದೆಯನ್ನು ಅವರತ್ತ ತಿರುಗಿಸಿದೆ.

“ಓದು” ಅಂದರು. ಓದಿದೆ. “ಇನ್ನೊಂದ್ಸಲ.” ಮತ್ತೆ ಓದಿದೆ.

“ಗಂಡನ ಮನೇಲಾಗ್ಲಿ ತವರಲ್ಲಾಗ್ಲಿ ನನ್ನೆಸ್ರಲ್ಲಿ ಒಂದು ಗುಂಟೆ ಇಲ್ಲ ಕಣವ್ವಾ. ಇದು ನಂದು. ಅಲ್ವಾ?”

“ನಿಮ್ಮದೇ ಅಕ್ಕಾ.”

ಮಂಡ್ಯದ ಪ್ರೆಸ್ಸಿಗೆ ಫೋನ್ ಹಚ್ಚಿ, ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳತೊಡಗಿದೆ. ಅಕ್ಕ ನನ್ನ ಹಿಂದೆ ನಿಂತು ಪ್ರತಿ ಅಕ್ಷರವನ್ನೂ ನನಗಿಂತ ಜೋರಾಗಿ ಹೇಳುತ್ತಿದ್ದರು. ಆ ದನಿಗೆ ಕೆಳಗೆ ಟೈಲರ್ ಅಂಗಡಿಯಲ್ಲಿ ಹೊಲಿಗೆ ಯಂತ್ರ ನಿಂತಿತು.